ಎರಡನೆಯ ಕಂತು ಬಾರದಿದ್ದಾಗ

ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ನಮ್ಮ ತಾಯಿಯವರ ಹೆಸರಿಗೆ ಮಂಜೂರಾದ ಮನೆಯ ಗೋಡೆಗಳು ಕಿಟಕಿಯ ಮಟ್ಟ ತಲುಪಿ, ಪಂಚಾಯಿತಿಯವರು ಸ್ಥಳಕ್ಕೆ ಬಂದು ಜಿಪಿಎಸ್ ಛಾಯಾಚಿತ್ರ ತೆಗೆದುಕೊಂಡು ಹೋಗಿ ಎರಡು ತಿಂಗಳು ಕಳೆದರೂ ಮುಂದಿನ ಕಂತು ಬಂದಿರಲಿಲ್ಲ. ಬಯಲು ಪ್ರದೇಶದ ಮನೆಗೆ ಈ ಯೋಜನೆ ನಿಗದಿಪಡಿಸಿದ ನೆರವು 1.20 ಲಕ್ಷ ರೂಪಾಯಿ. ಅದು ಕಟ್ಟಡದ ಹಂತಗಳಿಗೆ ತಕ್ಕಂತೆ ಬಿಡುಗಡೆಯಾಗುವುದರಿಂದ, ಒಂದು ಕಂತು ನಿಂತರೆ ಗಾರೆಯವರೂ ನಿಲ್ಲುತ್ತಾರೆ. ವಿಚಾರಿಸಿದಾಗಲೆಲ್ಲ ಹಣ ಪಾವತಿಯಾಗಿದೆ ಎಂಬ ಉತ್ತರ ಸಿಗುತ್ತಿತ್ತು. ಪಾಸ್‌ಬುಕ್ಕಿನಲ್ಲಿ ಮಾತ್ರ ಬಿಡಿಗಾಸೂ ಇರಲಿಲ್ಲ.

ತೊಡಕು ಇದ್ದದ್ದು ಬ್ಯಾಂಕ್ ಖಾತೆಗೆ ಆಧಾರ್ ಸಂಖ್ಯೆಯ ಜೋಡಣೆಯಲ್ಲಿ. ಆಧಾರ್ ಆಧಾರಿತ ಪಾವತಿಯು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗದೆ, ಬ್ಯಾಂಕುಗಳ ನಡುವಿನ ಪಾವತಿಗಳನ್ನು ನಿರ್ವಹಿಸುವ ರಾಷ್ಟ್ರೀಯ ಪಾವತಿ ನಿಗಮದ ದಾಖಲೆಯಲ್ಲಿ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಮೊದಲ ಕಂತು ಬಂದ ನಂತರ ತಾಯಿಯವರು ಸ್ವಸಹಾಯ ಸಂಘದ ಸಲುವಾಗಿ ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ಅಲ್ಲಿ ಸಹಿ ಹಾಕಿಸಿಕೊಂಡ ಕಾಗದಗಳ ನಡುವೆ ಜೋಡಣೆಯ ಒಪ್ಪಿಗೆಯೂ ಇತ್ತಂತೆ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿಯನ್ನು ನೋಡಿದಾಗ ಇದು ತಿಳಿಯಿತು. (ಮೊದಲೇ ನೋಡಿದ್ದರೆ ಅಷ್ಟು ಅಲೆದಾಟ ತಪ್ಪುತ್ತಿತ್ತು.) ಹಣ ಆ ಖಾತೆಯಲ್ಲಿಯೇ ಸುರಕ್ಷಿತವಾಗಿತ್ತು. ಉಳಿದ ಕಂತುಗಳಿಗಾಗಿ ಹಳೆಯ ಖಾತೆಯ ಶಾಖೆಯಲ್ಲಿ ಒಪ್ಪಿಗೆ ಪತ್ರ ಕೊಟ್ಟು ಜೋಡಣೆಯನ್ನು ಮತ್ತೆ ಅದಕ್ಕೇ ಬದಲಾಯಿಸಿಕೊಂಡೆವು. ಚಾವಣಿಯ ಕಂತು ನೇರವಾಗಿ ಅಲ್ಲಿಗೇ ಬಂತು.