ಸ್ಟಾಂಪನ್ನು ಕೀಳಬೇಡಿ, ನೆನೆಸಿ

ಅಮೆರಿಕದಿಂದ ನೆಂಟರು ಬರೆದ ಹಳೇ ಪತ್ರಗಳ ಕಟ್ಟು ಬಿಚ್ಚಿದರೆ ಒಳ್ಳೊಳ್ಳೆ ಸ್ಟಾಂಪ್ ಸಿಗುತ್ತವೆ. 2000ದಲ್ಲಿ ಅಲ್ಲಿ ಮಕ್ಕಳ ತಂಡದಾಟಗಳ ಮೇಲೆ 33 ಸೆಂಟಿನ ನಾಲ್ಕು ಸ್ಟಾಂಪ್ ಬಂದಿದ್ದವು: ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಸಾಕರ್ ಮತ್ತು ಅವರ ಫುಟ್‌ಬಾಲ್. ಅಂಥದ್ದು ಕಂಡ ತಕ್ಷಣ ಉಗುರು ಹಾಕಿ ಕೀಳುವವರೇ ಜಾಸ್ತಿ. ಹಿಂಬದಿಯ ಪದರ ಲಕೋಟೆಯಲ್ಲೇ ಉಳಿಯುತ್ತದೆ. ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಆ ಜಾಗ ಮಾತ್ರ ತೆಳ್ಳಗೆ ಹೊಳೆಯುತ್ತದೆ. ಅಲ್ಲಿಗೆ ಅದರ ಬೆಲೆ ಹೋಯಿತು.

ಮೊದಲು, ಬಿಡಿಸಬೇಕೇ ಅಂತ ಯೋಚಿಸಿ. ಫಸ್ಟ್ ಡೇ ಕವರ್ (ಸ್ಟಾಂಪ್ ಬಿಡುಗಡೆಯಾದ ದಿನವೇ ಮುದ್ರೆ ಬಿದ್ದ ಲಕೋಟೆ) ಆಗಿದ್ದರೆ, ಊರು, ತಾರೀಕು ಸ್ಪಷ್ಟವಾಗಿ ಬಿದ್ದ ಮುದ್ರೆ ಇದ್ದರೆ, ಲಕೋಟೆಯನ್ನು ಹಾಗೇ ಇಡಿ. ಬಳಸದ ಸ್ಟಾಂಪನ್ನಂತೂ ನೀರಿಗೆ ಹಾಕಲೇಬೇಡಿ.

ಬಿಡಿಸುವುದಾದರೆ ಸುತ್ತ ಒಂದು ಸೆಂಟಿಮೀಟರ್ ಕಾಗದ ಬಿಟ್ಟು ಕತ್ತರಿಸಿ.

ಇನ್ನು ನೆನೆಸುವುದು. ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಸಾಕು, ಕುದಿಯುವ ನೀರು ಬೇಡ. ಕೆಂಪು, ನೀಲಿ ಲಕೋಟೆಯ ತುಂಡುಗಳನ್ನು ಬೇರೆ ತಟ್ಟೆಗೆ ಹಾಕಿ. ಬಣ್ಣ ಬಿಟ್ಟರೆ ಜೊತೆಗಿದ್ದದ್ದೆಲ್ಲ ಹಾಳು. ಕಾಲು ಗಂಟೆ ಕೈ ಹಾಕಬೇಡಿ. ಆಮೇಲೆ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿ. ಜಾರಿತಾ, ಆಯಿತು. ಜಾರದಿದ್ದರೆ ಇನ್ನೂ ಹತ್ತು ನಿಮಿಷ ಬಿಡಿ. ಬಲವಂತ ಮಾಡಬೇಡಿ: ಒದ್ದೆ ಸ್ಟಾಂಪಿನ ಹಲ್ಲುಗಳು ನೆನೆದ ಹಪ್ಪಳದಷ್ಟೇ ಗಟ್ಟಿ. ಬಿಟ್ಟ ಮೇಲೆ ಬೇರೆ ನೀರಿನಲ್ಲಿ ಹಿಂಬದಿ ಸವರಿ ಅಂಟು ತೆಗೆಯಿರಿ. ಉಳಿದ ಅಂಟು ಒಣಗುವಾಗ ಕಾಗದಕ್ಕೆ ಮತ್ತೆ ಹಿಡಿದುಕೊಳ್ಳುತ್ತದೆ.

ಈಚಿನ ಅಮೆರಿಕದ ಸ್ಟಿಕ್ಕರ್ ಸ್ಟಾಂಪುಗಳು ಬಹಳಷ್ಟು ನೀರಿಗೆ ಬಿಡುವುದೇ ಇಲ್ಲ. ಅವನ್ನು ಕಾಗದದ ಸಮೇತ ಅಂದವಾಗಿ ಕತ್ತರಿಸಿ ಇಟ್ಟುಕೊಳ್ಳಿ. ಪೆಟ್ರೋಲ್, ಥಿನ್ನರ್ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಬಿಳಿ ಬ್ಲಾಟಿಂಗ್ ಪೇಪರ್ ಮೇಲೆ ಮಗುಚಿ ಒಣಗಿಸಿ. ದಿನಪತ್ರಿಕೆ ಬೇಡ, ಮಸಿ ಹತ್ತುತ್ತದೆ. ಮುಕ್ಕಾಲು ಒಣಗಿದಾಗ ಬಿಳಿ ಹಾಳೆಗಳ ನಡುವೆ ಇಟ್ಟು, ದಪ್ಪ ಪುಸ್ತಕದೊಳಗೆ ಒಂದು ರಾತ್ರಿ ಬಿಡಿ. ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡಿ.

ಆಲ್ಬಮ್‌ಗೆ ಚಿಮಟದಿಂದಲೇ ಎತ್ತಿಡಿ. ಸೆಲೋಟೇಪ್ ಬೇಡವೇ ಬೇಡ, ವರ್ಷ ಕಳೆದಂತೆ ಹಳದಿ ಕಲೆ ಬಿಡುತ್ತದೆ. ಸ್ಟಾಂಪಿನ ಹಿಂದೆ ಅಂಟಿಸುವ ಪುಟ್ಟ ಕಾಗದದ ಪಟ್ಟಿ, ಅಂದರೆ ಸ್ಟಾಂಪ್ ಹಿಂಜ್, ಅಗ್ಗ, ಆದರೆ ನನ್ನ ಆಯ್ಕೆ ಪಾರದರ್ಶಕ ಪಟ್ಟಿಯ ಸ್ಟಾಕ್ ಬುಕ್. ಪುಟವನ್ನು ದೇಶದ ಬದಲು ಆಟದ ಪ್ರಕಾರ ಜೋಡಿಸಿದರೆ ಚೆಂದ. 1939ರಲ್ಲಿ ಅಮೆರಿಕದ ಕೂಪರ್ಸ್‌ಟೌನ್ ಊರಿನಲ್ಲಿ ಬಿಡುಗಡೆಯಾದ 3 ಸೆಂಟಿನ ನೇರಳೆ ಬೇಸ್‌ಬಾಲ್ ಸ್ಟಾಂಪ್ ಸಿಕ್ಕರೆ ಬೇಸ್‌ಬಾಲ್ ಪುಟದ ಮೊದಲ ಸಾಲಿಗೇ ಹಾಕಿ. ಆ ಸ್ಟಾಂಪಿನಲ್ಲೂ ಬಯಲಲ್ಲಿ ಆಡುತ್ತಿರುವವರು ಹುಡುಗರೇ.