ಕೆಂಪು ಮಾತ್ರೆ ರಕ್ತ ಸೇರಬೇಕಾದರೆ

ಶಿರಾ ತಾಲ್ಲೂಕಿನ ಹಳ್ಳಿಗಳಲ್ಲಿ ನಾನು ನರ್ಸ್. ಬಸುರಿಯರ ಮನೆಗೆ ಹೋದಾಗ ತಾಯಿ ಕಾರ್ಡ್ ನೋಡುವ ಮೊದಲೇ ಕೇಳುತ್ತೇನೆ: "ಕಬ್ಬಿಣದ ಮಾತ್ರೆ ಯಾವಾಗ ನುಂಗ್ತೀಯಮ್ಮ, ಏನರ ಜೊತೆ?" "ಬೆಳಿಗ್ಗೆ ಕಾಫಿ ಜೊತೆ ಸಿಸ್ಟರ್" ಅಂದರೆ ಅಲ್ಲೇ ಕೂತು ಅತ್ತೆಯವರನ್ನೂ ಕರೆದು ಎಲ್ಲ ಹೇಳುತ್ತೇನೆ.

ಕ್ಯಾಲ್ಸಿಯಂ ಮಾತ್ರೆ ತಿಂಡಿ ಜೊತೆ ಒಂದು, ಮಧ್ಯಾಹ್ನದ ಊಟದ ಜೊತೆ ಒಂದು. ಕಬ್ಬಿಣದ ಕೆಂಪು ಮಾತ್ರೆ ರಾತ್ರಿ, ಊಟವಾಗಿ ಒಂದೆರಡು ಗಂಟೆ ಕಳೆದ ಮೇಲೆ. ನೀರಿನಲ್ಲಿ ನುಂಗಿ, ನಿಂಬೆಹಣ್ಣಿನ ಪಾನಕವಾದರೆ ಇನ್ನೂ ಒಳ್ಳೆಯದು. ಮಲಗುವಾಗ ಹಾಲು ಕುಡಿಯುವ ರೂಢಿ ಇದ್ದರೆ ಆ ಹಾಲನ್ನು ಸಂಜೆಗೆ ಹಾಕಿಕೊಳ್ಳಿ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಮಾತ್ರೆಯಲ್ಲಿರುವ 60 ಮಿಲಿಗ್ರಾಂ ಕಬ್ಬಿಣದಲ್ಲಿ ರಕ್ತ ಸೇರುವುದು ಸ್ವಲ್ಪ ಪಾಲು ಮಾತ್ರ. ಸಣ್ಣ ಕರುಳಿನ ಮೊದಲ ಭಾಗದ ಜೀವಕೋಶಗಳಿಗೆ ಕೊಬ್ಬಿನ ಪೊರೆ ಇದೆ. ವಿದ್ಯುದಂಶ ಹೊತ್ತ ಕಬ್ಬಿಣ ಅದನ್ನು ತಾನಾಗಿ ದಾಟಲಾರದು. ಪೊರೆಯಲ್ಲಿ ಕೂತಿರುವ ಡಿಎಂಟಿ-1 ಎಂಬ ಪ್ರೋಟೀನೇ ಅದಕ್ಕೆ ಬಾಗಿಲು. ಆ ಬಾಗಿಲು ಬಿಟ್ಟುಕೊಳ್ಳುವುದು ಫೆರಸ್ ಎಂಬ ರೂಪದ ಕಬ್ಬಿಣವನ್ನು. ಸೊಪ್ಪು, ಕಾಳಿನಲ್ಲಿರುವುದು ಹೆಚ್ಚಾಗಿ ಫೆರಿಕ್ ಎಂಬ ಇನ್ನೊಂದು ರೂಪ. ವಿಟಮಿನ್ ಸಿ ಅದನ್ನು ಫೆರಸ್ ಆಗಿ ಬದಲಿಸಿ ಕರಗಿದ ಸ್ಥಿತಿಯಲ್ಲೇ ಇಡುತ್ತದೆ. ಕಾಫಿ, ಟೀಯ ಒಗರು ಅಂಶ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಕ್ಯಾಲ್ಸಿಯಂ ಒಟ್ಟಿಗೆ ಬಂದರೂ ಅಡ್ಡಿಯೇ.

ಕೋಶದೊಳಗೆ ಹೋದ ಮೇಲೂ ಕೆಲಸ ಮುಗಿಯಲಿಲ್ಲ. ರಕ್ತದ ಕಡೆಗೆ ಹೊರಬೀಳಲು ಇನ್ನೊಂದು ಬಾಗಿಲಿದೆ, ಫೆರೋಪೋರ್ಟಿನ್. ಅಲ್ಲಿಂದಾಚೆ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಎರಡೆರಡು ಕಬ್ಬಿಣದ ಪರಮಾಣುಗಳನ್ನು ಹೊತ್ತು ಎಲುಬಿನ ಮಜ್ಜೆಗೆ ಮುಟ್ಟಿಸುತ್ತದೆ. ಆ ಹೊರಬಾಗಿಲ ಲಗಾಮು ಯಕೃತ್ತಿನ ಕೈಯಲ್ಲಿದೆ. ಅದು ಬಿಡುವ ಹೆಪ್ಸಿಡಿನ್ ಹಾರ್ಮೋನು ಹೆಚ್ಚಾದರೆ ಫೆರೋಪೋರ್ಟಿನ್ ಮುಚ್ಚುತ್ತದೆ. ಒಳಗೇ ಉಳಿದ ಕಬ್ಬಿಣ ನಾಲ್ಕೈದು ದಿನದಲ್ಲಿ ಕೋಶ ಉದುರಿದಾಗ ಮಲದ ಪಾಲು. ಒಮ್ಮೆಗೇ ಹೆಚ್ಚು ಕಬ್ಬಿಣ ನುಂಗಿದರೂ ಹೆಪ್ಸಿಡಿನ್ ಏರುತ್ತದೆ. ಹಾಗಾಗಿ ನಿನ್ನೆ ಮರೆತದ್ದಕ್ಕೆ ಇವತ್ತು ಎರಡು ನುಂಗಬೇಡಿ. ಡಾಕ್ಟರೇ ದಿನಕ್ಕೆ ಎರಡು ಬರೆದಿದ್ದರೆ ಆ ಮಾತು ಬೇರೆ.

ಇನ್ನು ನಮ್ಮ ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣವಿದೆ, 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಜೊತೆಗೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್, ಟ್ಯಾನಿನ್‌ಗಳೂ ಇವೆ. ಅದಕ್ಕಾಗಿ ಮುದ್ದೆ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ಹೇಳುವವರ ಮಾತು ಕೇಳಲೂಬೇಡಿ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹಿಟ್ಟು ಮಾಡಿಸಿದರೆ ಫೈಟೇಟ್ ಇಳಿಯುತ್ತದೆ. ಹುರುಳಿಕಾಳನ್ನೂ ಮೊಳಕೆ ಬರಿಸಿ ಬಸ್ಸಾರು ಮಾಡಿ. ನಿಂಬೆರಸ ಒಲೆಯಿಂದ ಇಳಿಸಿದ ಮೇಲೇ ಹಿಂಡಿ, ಕುದಿಸಿದರೆ ವಿಟಮಿನ್ ಸಿ ಹಾಳಾಗುತ್ತದೆ. ಊಟದ ಹಿಂದೆ ಒಂದು ಸೀಬೆಹಣ್ಣೋ ನೆಲ್ಲಿಕಾಯಿಯೋ ಇರಲಿ. ಮಾಂಸ ತಿನ್ನುವವರಾದರೆ ಅದರ ಹೀಮ್ ಕಬ್ಬಿಣ ಬೇರೆ ದಾರಿಯಲ್ಲೇ ಒಳಹೋಗುತ್ತದೆ, ಚೆನ್ನಾಗಿಯೂ ಹೀರಿಕೆಯಾಗುತ್ತದೆ.

ಮಲ ಕಪ್ಪಾಗುವುದು ಒಳಹೋಗದೆ ಉಳಿದ ಕಬ್ಬಿಣದಿಂದ, ಹೆದರಬೇಡಿ. ವಾಕರಿಕೆ ತಡೆಯಲಾಗದಿದ್ದರೆ ಊಟ ಮುಗಿದ ಕೂಡಲೇ ತಗೊಳ್ಳಿ. ಒಳಹೋಗುವುದು ಸ್ವಲ್ಪ ಕಮ್ಮಿಯಾಗುತ್ತದೆ, ಆದರೆ ನಿಲ್ಲಿಸಿಬಿಡುವುದಕ್ಕಿಂತ ಎಷ್ಟೋ ಮೇಲು. ಮಾತ್ರೆಯ ಹಾಳೆ ಮಾತ್ರ ಮಕ್ಕಳ ಕೈಗೆಟುಕದ ಕಡೆ ಇರಲಿ. ಪುಟ್ಟ ಮಗು ಒಂದಷ್ಟು ನುಂಗಿಬಿಟ್ಟರೆ ಪ್ರಾಣಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಓಡಬೇಕು.

ಬಸುರಿಗೆ ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, 11 ಗ್ರಾಂಗಿಂತ ಕಮ್ಮಿ ಇದ್ದರೆ ರಕ್ತಹೀನತೆ. ಡಾಕ್ಟರ್ ಹೇಳಿದ ಹಾಗೆ ಒಂದು ತಿಂಗಳು ಮಾತ್ರೆ ತಗೊಂಡು ಮತ್ತೆ ಪರೀಕ್ಷೆ ಮಾಡಿಸಿ. ಒಂದು ಗ್ರಾಂ ಆದರೂ ಏರದಿದ್ದರೆ ಮನೆಯಲ್ಲೇ ಕಾಯುತ್ತ ಕೂರಬೇಡಿ, ಡಾಕ್ಟರ್ ಹತ್ತಿರ ಬನ್ನಿ. ಬೇಕಾದವರಿಗೆ ಐರನ್ ಸುಕ್ರೋಸ್ ಎಂಬ ಕಬ್ಬಿಣದ ಡ್ರಿಪ್ ಹಾಕುತ್ತಾರೆ. ಕರುಳಿನ ಎರಡೂ ಬಾಗಿಲ ಹಂಗಿಲ್ಲದೆ ಅದು ನೇರ ರಕ್ತನಾಳಕ್ಕೇ ಹೋಗುತ್ತದೆ.