ನಮ್ಮ ಮನೆಯ ಸಂಗೀತಕ್ಕೆ ಹೊಂದುವ ರಿಸೀವರ್ ಆರಿಸಿದ್ದು

ಹಾಸನದಲ್ಲಿ ಹೋಮ್ ಥಿಯೇಟರ್ ಕೇಳಿಕೊಂಡು ಅಂಗಡಿಗೆ ಹೋದರೆ ಮೊದಲು ಬರುವ ಮಾತು ವ್ಯಾಟ್. ಆಮೇಲೆ ಚಾನೆಲ್, ಅಂದರೆ ಬೇರೆಬೇರೆ ಸದ್ದು ಹೋಗುವ ಸ್ಪೀಕರ್‌ಗಳ ಲೆಕ್ಕ (ಚುಕ್ಕಿಯ ಮುಂದಿನ ಅಂಕಿ ಬೇಸ್‌ಗೆಂದೇ ಇರುವ ಸಬ್‌ವೂಫರ್‌ಗಳದು). 'ಇದು 5.1 ಸಾರ್, ಅದು 7.2, ಅದರಲ್ಲಿ ಅಟ್ಮಾಸ್ ಕೂಡ ಇದೆ.' ನೀವು ಮನೆಯಲ್ಲಿ ಏನು ಕೇಳ್ತೀರಿ ಅಂತ ಯಾರೂ ವಿಚಾರಿಸುವುದಿಲ್ಲ. ನಾನು ಅದೊಂದನ್ನೇ ಮುಂದಿಟ್ಟುಕೊಂಡು ರಿಸೀವರ್ (ಬಂದ ಸದ್ದನ್ನು ಬಲಪಡಿಸಿ ಸ್ಪೀಕರ್‌ಗಳಿಗೆ ಹಂಚುವ ಡಬ್ಬ) ಆರಿಸಿದೆ. ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಕಡೆಯವರು ಯಾರಾದರೂ ಇದೇ ಯೋಚನೆಯಲ್ಲಿದ್ದರೆ ಉಪಯೋಗಕ್ಕೆ ಬರಬಹುದು.

ನಮ್ಮ ಮನೆಯಲ್ಲಿ ಬೆಳಗ್ಗೆ ಕರ್ನಾಟಕ ಸಂಗೀತ. ಅಪ್ಪನಿಗೆ ಅದಿಲ್ಲದೆ ಕಾಫಿ ಇಳಿಯುವುದಿಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು. ಆರ್.ಕೆ. ಶ್ರೀಕಂಠನ್ ಅಲ್ಲಿಯವರು. ಹಾಗಾಗಿ ಅವರ ಹಾಡುಗಾರಿಕೆ ಅಂದರೆ ಅಪ್ಪನಿಗೆ ನಮ್ಮೂರಿನ ಹೆಮ್ಮೆಯೂ ಹೌದು. ನನಗೆ ವೀಣೆ ಹೆಚ್ಚು ಇಷ್ಟ, ಅದರಲ್ಲೂ ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ದೊರೆಸ್ವಾಮಿ ಅಯ್ಯಂಗಾರರ ವೀಣೆ. ಸಂಜೆ ಮಗಳಿಗೆ ಸಿನಿಮಾ, ನಡುವೆ ಕ್ರಿಕೆಟ್. ಲೆಕ್ಕ ಹಾಕಿದರೆ ದಿನದಲ್ಲಿ ಜಾಸ್ತಿ ಹೊತ್ತು ಓಡುವುದು ಸಂಗೀತವೇ, ಅದೂ ಸಣ್ಣ ಸದ್ದಿನಲ್ಲಿ.

ಇಷ್ಟು ಗೊತ್ತಾದರೆ ಅರ್ಧ ಆಯ್ಕೆ ಆಗಿಹೋಯಿತು. ಯಾಕೆಂದರೆ ಈ ಸಂಗೀತದ ಧ್ವನಿಮುದ್ರಣಗಳೆಲ್ಲ ಹೆಚ್ಚುಕಡಿಮೆ ಎರಡೇ ಚಾನೆಲ್‌ನವು. ರೇಡಿಯೋದ ಹಳೆಯ ಕಛೇರಿಗಳಂತೂ ಮೋನೊ, ಅಂದರೆ ಒಂದೇ ಚಾನೆಲ್. ಮೋನೊ ಧ್ವನಿಯನ್ನು ರಿಸೀವರ್‌ನ 'ಡಾಲ್ಬಿ ಸರೌಂಡ್' (ಎರಡು ಚಾನೆಲ್ ಸದ್ದನ್ನು ಎಲ್ಲ ಸ್ಪೀಕರ್‌ಗೂ ಹಂಚುವ) ಮೋಡ್‌ಗೆ ಹಾಕಿದರೆ ಅದು ಪೂರ್ತಿ ಟಿವಿ ಕೆಳಗಿನ ಸೆಂಟರ್ ಸ್ಪೀಕರ್‌ಗೆ ಹೋಗುತ್ತದೆ. ಅದು ಚಿಕ್ಕ ಸ್ಪೀಕರ್ ಆಗಿದ್ದರೆ ಗಾಯಕರ ಧ್ವನಿ ಮೂಗಿನಿಂದ ಬಂದ ಹಾಗೆ ಕೇಳುತ್ತದೆ. ಅದನ್ನೇ 'ಸ್ಟೀರಿಯೊ' ಮೋಡ್‌ನಲ್ಲಿ ಎರಡು ದೊಡ್ಡ ಸ್ಪೀಕರ್‌ಗೆ ಬಿಟ್ಟರೆ ಧ್ವನಿ ನಡುವಿನಲ್ಲಿ ತುಂಬಿಕೊಂಡು ನಿಲ್ಲುತ್ತದೆ. ಹೀಗಾಗಿ ನನ್ನ ಬಜೆಟ್‌ನಲ್ಲಿ ದೊಡ್ಡ ಪಾಲು ಮುಂದಿನ ಎರಡು ಸ್ಪೀಕರ್‌ಗೆ ಹೋಯಿತು. ರಿಸೀವರ್‌ಗೆ ಉಳಿದದ್ದು ಅದಕ್ಕಿಂತ ಕಡಿಮೆ. ಈಗಲೂ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ: ದುಡ್ಡು ಮೊದಲು ಸ್ಪೀಕರ್‌ಗೆ.

ವ್ಯಾಟ್ ವಿಷಯ ಬೇಗ ಮುಗಿಸಿಬಿಡೋಣ. 8 ಓಮ್ ಲೋಡ್‌ನಲ್ಲಿ, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ವರೆಗೆ, ಎರಡು ಚಾನೆಲ್ ಒಟ್ಟಿಗೆ ಓಡುವಾಗ ಎಷ್ಟು ಅಂತ ಬರೆದಿರುತ್ತಾರಲ್ಲ, ಆ ಅಂಕಿಯನ್ನು ನೋಡಿ. 6 ಓಮ್, 1 ಕಿಲೋಹರ್ಟ್ಜ್, ಒಂದೇ ಚಾನೆಲ್, 10 ಶೇಕಡಾ ಡಿಸ್ಟಾರ್ಷನ್ ಅಂತ ಬರೆದ ದೊಡ್ಡ ಅಂಕಿಯನ್ನು ಬಿಟ್ಟುಬಿಡಿ. ಎರಡೂ ಒಂದೇ ಡಬ್ಬದ ಮೇಲೆ ಇರಬಹುದು. ಇನ್ನೊಂದು ಲೆಕ್ಕ: ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಅಂದರೆ 80 ವ್ಯಾಟ್‌ಗೂ 100 ವ್ಯಾಟ್‌ಗೂ ಕಿವಿಯಲ್ಲಿ ವ್ಯತ್ಯಾಸ ಹಿಡಿಯುವುದೇ ಕಷ್ಟ. 88 ಡೆಸಿಬಲ್ ಸೆನ್ಸಿಟಿವಿಟಿ (ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಸಿಗುವ ಸದ್ದು) ಇರುವ ಒಂದು ಜೋಡಿ ಸ್ಪೀಕರ್‌ಗೆ ಒಂದೊಂದು ವ್ಯಾಟ್ ಕೊಟ್ಟು ಹತ್ತು ಅಡಿ ದೂರ ಕುಳಿತರೂ ಸುಮಾರು 80 ಡೆಸಿಬಲ್ ಸಿಗುತ್ತದೆ. ಮನೆಯಲ್ಲಿ ನಾವು ಮಾತಾಡುವ ಸದ್ದು 60ರ ಆಸುಪಾಸು. ಬೆಳಗಿನ ಸಂಗೀತಕ್ಕೆ ಒಂದು ವ್ಯಾಟ್ ಕೂಡ ಬೇಕಾಗುವುದಿಲ್ಲ. ಸಿನಿಮಾದಲ್ಲಿ ದಿಢೀರ್ ಅಂತ ಏಳುವ ಸದ್ದಿಗೆ ಮಾತ್ರ ಉಳಿದ ಶಕ್ತಿ ಬೇಕು. ದೊಡ್ಡ ಹಾಲ್ ಇದ್ದು, ಸೆನ್ಸಿಟಿವಿಟಿ ಕಡಿಮೆ ಇರುವ 4 ಓಮ್ ಸ್ಪೀಕರ್ ಇದ್ದರೆ ಮಾತು ಬೇರೆ. ಆಗ ಪ್ರೀ-ಔಟ್ ಇರುವ ಮಾಡೆಲ್ ನೋಡಿ, ಮುಂದೆ ಬೇರೆ ಪವರ್ ಆಂಪ್ಲಿಫಯರ್ ಸೇರಿಸಬಹುದು.

ಹಾಗಾದರೆ ರಿಸೀವರ್‌ಗಳಲ್ಲಿ ರುಚಿ ಬೇರೆಯಾಗುವುದು ಎಲ್ಲಿ? 'ಯಮಹಾ ಅಂದರೆ ಬ್ರೈಟ್, ಮರಾಂಟ್ಜ್ ಅಂದರೆ ವಾರ್ಮ್, ಡೆನಾನ್ ಸಿನಿಮಾಕ್ಕೆ' ಅಂತ ಎಲ್ಲರೂ ಹೇಳುತ್ತಾರೆ. ಬ್ರೈಟ್ ಅಂದರೆ ಚುರುಕಾದ ನಾದ, ವಾರ್ಮ್ ಅಂದರೆ ಮೆತ್ತಗಿನ ನಾದ. ನಾನು ಒಂದು ಪೆನ್‌ಡ್ರೈವ್‌ಗೆ ನನ್ನದೇ ಧ್ವನಿಮುದ್ರಣಗಳನ್ನು ತುಂಬಿಕೊಂಡು ಬೆಂಗಳೂರಿಗೆ ಹೋದೆ. ಹಾಸನದ ಅಂಗಡಿಗಳಲ್ಲಿ ಸೌಂಡ್‌ಬಾರ್ ಬೇಕಾದಷ್ಟು ಸಿಗುತ್ತವೆ. ರಿಸೀವರ್‌ಗಳನ್ನು ಅಕ್ಕಪಕ್ಕ ಇಟ್ಟು ಕೇಳಿಸುವವರು ನನಗೆ ಸಿಗಲಿಲ್ಲ. ಕುಣಿಗಲ್ ಮೇಲಿನ ರೈಲುಮಾರ್ಗ 2017ರಲ್ಲಿ ಶುರುವಾದ ಮೇಲೆ ಹೋಗಿಬರುವುದು ಸಲೀಸು. ಪೆನ್‌ಡ್ರೈವ್‌ನಲ್ಲಿದ್ದದ್ದು ಒಂದು ಗಾಯನ, ಒಂದು ವೀಣೆಯ ಆಲಾಪನೆ, ಒಂದು ತನಿ ಆವರ್ತನ (ಮೃದಂಗದಂಥ ತಾಳವಾದ್ಯದ್ದೇ ವಾದನ), ಒಂದು ಹಳೆಯ ಮೋನೊ ಕಛೇರಿ. ಅಂಗಡಿಯ ಡೆಮೊ ಡಿಸ್ಕ್ ನಂಬಬೇಡಿ. ಅದು ಯಾವ ರಿಸೀವರ್‌ನಲ್ಲೂ ಚೆನ್ನಾಗಿಯೇ ಕೇಳುತ್ತದೆ.

ಕೇಳುವಾಗ ಒಂದು ಕೆಲಸ ತಪ್ಪದೆ ಮಾಡಿದೆ. ಫೋನಿನ ಡೆಸಿಬಲ್ ಆ್ಯಪ್ ಇಟ್ಟುಕೊಂಡು ಅಕ್ಕಪಕ್ಕ ಇಟ್ಟ ಎರಡು ರಿಸೀವರ್‌ಗಳ ಸದ್ದನ್ನು ಸಮ ಮಾಡಿಸಿದೆ. ಒಂದು ಸ್ವಲ್ಪ ಜೋರಾಗಿದ್ದರೆ ಸಾಕು, ಅದೇ 'ಚೆನ್ನಾಗಿದೆ' ಅನ್ನಿಸುತ್ತದೆ. ಕಿವಿಯ ಸ್ವಭಾವವೇ ಹಾಗೆ. ಅದೇ ಸ್ಪೀಕರ್, ಅದೇ ಸದ್ದು, ಪ್ಯೂರ್ ಡೈರೆಕ್ಟ್ (ಸದ್ದನ್ನು ತಿದ್ದದೆ ಹಾಗೇ ಬಿಡುವ) ಮೋಡ್. ಆಗ ಬ್ರೈಟ್, ವಾರ್ಮ್ ಅನ್ನುವ ಮಾತು ಹೆಚ್ಚುಕಡಿಮೆ ಕರಗಿಹೋಯಿತು. ನನ್ನ ಕಿವಿಗಂತೂ ಅವುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ರೂಮ್ ಕರೆಕ್ಷನ್ (ಮೈಕಿನಿಂದ ಕೋಣೆಯನ್ನು ಅಳೆದು ಅದಕ್ಕೆ ತಕ್ಕಂತೆ ಸದ್ದನ್ನು ತಿದ್ದುವ ಸಾಫ್ಟ್‌ವೇರ್) ಆನ್ ಮಾಡಿಸಿದ ಕೂಡಲೇ ಎರಡೂ ಬೇರೆಬೇರೆ ದಾರಿ ಹಿಡಿದವು. ನನ್ನ ತೀರ್ಮಾನ ಅಲ್ಲೇ ಆಯಿತು. ರಿಸೀವರ್‌ನ ರುಚಿ ಅಂತ ನಾವು ಹೇಳುವುದರಲ್ಲಿ ಬಹುಪಾಲು ಅದರ ಕರೆಕ್ಷನ್ ಸಾಫ್ಟ್‌ವೇರ್‌ನ ರುಚಿ. ಆದ್ದರಿಂದ ನೋಡಬೇಕಾದದ್ದು ಅದನ್ನು ನಮ್ಮ ಇಷ್ಟದಂತೆ ತಿದ್ದಲು ಎಷ್ಟು ಬಿಡುತ್ತಾರೆ ಅನ್ನುವುದನ್ನು.

ಡೆನಾನ್ ಮತ್ತು ಮರಾಂಟ್ಜ್ ಎರಡರಲ್ಲೂ ಇರುವುದು ಆಡಿಸ್ಸಿ. ಯಮಹಾದಲ್ಲಿ ಅವರದೇ ವೈಪಿಎಒ. ಆಂಕ್ಯೊದ ಹೊಸ ಮಾಡೆಲ್‌ಗಳಲ್ಲಿ ಡಿರ್ಯಾಕ್ ಲೈವ್ ಸಿಗುತ್ತದೆ. ವಿದ್ಯಾನಗರದ ಗೆಳೆಯರೊಬ್ಬರ ಮನೆಯಲ್ಲಿ ಯಮಹಾ ಇದೆ. ಅಲ್ಲಿ ಕುಳಿತು ಬಹಳ ಹೊತ್ತು ಕೇಳಿದ್ದೇನೆ. ಅದರ ಫ್ಲಾಟ್, ಫ್ರಂಟ್, ನ್ಯಾಚುರಲ್ ಅನ್ನುವ ಮೂರು ಬಗೆಗಳಲ್ಲಿ ಅವರಿಗೆ ನ್ಯಾಚುರಲ್ ಹಿಡಿಸಿದೆ. ಯಮಹಾದ ಇನ್ನೊಂದು ವಿಶೇಷ, ಸಂಗೀತ ಸಭಾಂಗಣದ ಗುಂಗನ್ನು ಸೇರಿಸುವ ಡಿಎಸ್‌ಪಿ ಮೋಡ್‌ಗಳು. ಲೈವ್ ಕಛೇರಿಯ ವಾತಾವರಣ ಇಷ್ಟಪಡುವವರಿಗೆ ಅವು ಬಹಳ ಹಿಡಿಸುತ್ತವೆ. ನನಗೆ ವೀಣೆಯ ಮೇಲೆ ಬೇರೆ ಗುಂಗು ಬೇಡ. ಒಂದು ಮೀಟು ಬಿದ್ದ ಮೇಲೆ ತಂತಿಯನ್ನು ಎಳೆದು ಎರಡು ಮೂರು ಸ್ವರ ತೋರಿಸುತ್ತಾರಲ್ಲ, ಆ ನಾದ ಇಳಿಯುತ್ತಾ ಹೋಗುವುದರಲ್ಲೇ ಗಮಕ ಇರುವುದು. ಆ ಇಳಿಯುವ ನಾದದ ಮೇಲೆ ಸಭಾಂಗಣದ ಪ್ರತಿಧ್ವನಿ ಕೂತರೆ ಕೊನೆಯ ಸ್ವರ ಮಸುಕಾಗುತ್ತದೆ.

ನಾನು ತಂದದ್ದು ಡೆನಾನ್‌ನ ಒಂದು 7.2 ಮಾಡೆಲ್. ಬೆಲೆಯಲ್ಲಿ ಮೇಲಿನದೂ ಅಲ್ಲ, ತೀರಾ ಕೆಳಗಿನದೂ ಅಲ್ಲ. ಆಡಿಸ್ಸಿಯ ಕರೆಕ್ಷನ್‌ನ್ನು ಫೋನಿನ ಆ್ಯಪ್‌ನಲ್ಲಿ ತೆರೆದು ತಿದ್ದಬಹುದು ಅನ್ನುವುದೇ ದೊಡ್ಡ ಕಾರಣ. ಆ್ಯಪ್‌ಗೆ ಬೇರೆ ದುಡ್ಡು ಕೊಡಬೇಕು. ಕೊಟ್ಟದ್ದು ಸಾರ್ಥಕ.

ಮನೆಯಲ್ಲಿ ಅಳತೆ ತೆಗೆಯುವಾಗ ಅವಸರ ಮಾಡಬಾರದು. ಮೈಕನ್ನು ಸೋಫಾದ ಮೇಲೆ ಇಡದೆ, ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ ಕಿವಿಯ ಎತ್ತರಕ್ಕೆ ನಿಲ್ಲಿಸಿದೆ. ಮೊದಲ ಅಳತೆ ಅಪ್ಪ ಕೂರುವ ಕುರ್ಚಿಯದು, ಉಳಿದವು ಅದರ ಸುತ್ತಮುತ್ತ. ಫ್ಯಾನ್, ಫ್ರಿಜ್ ಎರಡೂ ಆಫ್. ಅಕ್ಕಪಕ್ಕದವರ ಮಿಕ್ಸಿ ನಿಂತಿರುವ ಹೊತ್ತು ನೋಡಿಕೊಳ್ಳಬೇಕು. ಅಳತೆ ಮುಗಿದಾಗ ರಿಸೀವರ್ ಮುಂದಿನ ಸ್ಪೀಕರ್‌ಗಳನ್ನು 'ಲಾರ್ಜ್', ಅಂದರೆ ಬೇಸ್ ಪೂರ್ತಿ ಎತ್ತಬಲ್ಲವು, ಅಂತ ಗುರುತಿಸಿತ್ತು. ಅದನ್ನು 'ಸ್ಮಾಲ್' ಮಾಡಿ, ಕ್ರಾಸ್‌ಓವರ್ 80 ಹರ್ಟ್ಜ್‌ಗೆ ಇಟ್ಟೆ. ಅದಕ್ಕಿಂತ ಕೆಳಗಿನ ಬೇಸ್‌ನ ಭಾರದ ಕೆಲಸ ಸಬ್‌ವೂಫರ್‌ಗೆ ಹೋಗಿ, ಆಂಪ್ಲಿಫಯರ್ ಹಗುರವಾಗುತ್ತದೆ. ಸಬ್‌ವೂಫರ್ ದೂರ ನಿಜಕ್ಕಿಂತ ಜಾಸ್ತಿ ತೋರಿಸಿದರೆ ಗಾಬರಿ ಬೇಡ. ಅದರೊಳಗಿನ ಸರ್ಕ್ಯೂಟ್‌ನಿಂದ ಸದ್ದು ಸ್ವಲ್ಪ ತಡವಾಗಿ ಬರುತ್ತದೆ, ಆ ತಡವನ್ನೂ ಸೇರಿಸಿ ಲೆಕ್ಕ ಹಾಕಿರುತ್ತದೆ. ಹಾಗೇ ಬಿಡಿ.

ಎಲ್ಲ ಆಗಿ ಶ್ರೀಕಂಠನ್ ಅವರ ಒಂದು ಕೃತಿ ಹಾಕಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿದರು. 'ಚೆನ್ನಾಗಿದೆ. ಆದ್ರೆ ಸಾಹಿತ್ಯ ತಿಳೀತಿಲ್ಲ ಕಣೋ' ಅಂದರು. ಕಛೇರಿ ಕೇಳುವವರ ದೂರು ಯಾವಾಗಲೂ ಇಷ್ಟು ನಿಖರ. ಪಲುಕು ಸಿಗುತ್ತಿಲ್ಲ. ತ, ಕ, ಚ ಅಕ್ಷರಗಳ ಅಂಚು ಮಂಕು. ಇದಕ್ಕೆ ಕಾರಣ ಇದೆ. ಆಡಿಸ್ಸಿ ತನ್ನ ಲೆಕ್ಕದಲ್ಲಿ 2 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಬೇಕೆಂದೇ ಒಂದು ಸಣ್ಣ ತಗ್ಗು ಇಡುತ್ತದೆ. ಆ್ಯಪ್‌ನಲ್ಲಿ ಅದರ ಹೆಸರು ಮಿಡ್‌ರೇಂಜ್ ಕಾಂಪೆನ್ಸೇಷನ್. ಮಾತಿನ ಸ್ಪಷ್ಟತೆಗೆ ಬೇಕಾದ ಸದ್ದು ಬಹಳಷ್ಟು ಇರುವುದು ಆ ಜಾಗದಲ್ಲೇ. ಅದನ್ನು ಆಫ್ ಮಾಡಿದೆ. ಜೊತೆಗೆ ಕರೆಕ್ಷನ್ 500 ಹರ್ಟ್ಜ್‌ನಿಂದ ಕೆಳಗೆ ಮಾತ್ರ ಕೆಲಸ ಮಾಡುವ ಹಾಗೆ ಮಿತಿ ಹಾಕಿದೆ. ಮೇಲಿನದೆಲ್ಲ ಸ್ಪೀಕರ್ ಮಾಡಿದವರಿಗೆ ಬಿಟ್ಟದ್ದು. ಮತ್ತೆ ಅದೇ ಕೃತಿ ಹಾಕಿದಾಗ ಅಪ್ಪ ಪಲ್ಲವಿಯ ಜೊತೆಗೇ ಹಾಡತೊಡಗಿದರು.

500ರ ಕೆಳಗೆ ಕರೆಕ್ಷನ್ ಯಾಕೆ ಉಳಿಸಿಕೊಂಡೆ ಅಂದರೆ ಮೃದಂಗಕ್ಕೋಸ್ಕರ. ನಮ್ಮ ಹಾಲ್ 18 ಅಡಿ ಉದ್ದ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಅಂತ ಹಿಡಿದರೆ, ಆ ಉದ್ದಕ್ಕೆ ಸುಮಾರು 31, 62, 94 ಹರ್ಟ್ಜ್‌ಗಳಲ್ಲಿ ಕೋಣೆ ತಾನೇ ಗುಂಯ್‌ಗುಡುತ್ತದೆ. ಮೃದಂಗದ ಎಡಗಡೆಗೆ ರವೆ ಕಲಸಿ ಹಚ್ಚಿರುತ್ತಾರೆ, ಅದರ ಗುಮುಕಿಯ (ಎಡಗೈ ಪೆಟ್ಟಿನ ಗುಂಯ್ ಅನ್ನುವ) ನಾದವೂ ಆ ಆಸುಪಾಸಿನಲ್ಲೇ ಇರುತ್ತದೆ. ಕರೆಕ್ಷನ್ ಇಲ್ಲದಿದ್ದರೆ ತನಿ ಆವರ್ತನ ಪೂರ್ತಿ ಕೊಡದೊಳಗೆ ಬಾರಿಸಿದ ಹಾಗಿತ್ತು. ಎಡಗೈಯ ಒಂದು ಪೆಟ್ಟು ನಿಲ್ಲುವ ಮೊದಲೇ ಮುಂದಿನದು ಬಂದು ಕಲಸಿಹೋಗುತ್ತಿತ್ತು. ಕರೆಕ್ಷನ್ ಹಾಕಿದ ಮೇಲೆ ಪ್ರತಿ ಪೆಟ್ಟೂ ಬಿಡಿಬಿಡಿ. ಹೀಗೆ ಉಬ್ಬಿದ ಕಡೆ ಇಳಿಸುವುದರಲ್ಲಿ ಈ ಸಾಫ್ಟ್‌ವೇರ್‌ಗಳು ಗಟ್ಟಿಗ. ಕೋಣೆಯೇ ನುಂಗಿದ ಸದ್ದನ್ನು ತುಂಬಿಕೊಡಲಾರವು, ಟೈಲ್ಸ್ ನೆಲದ ಪ್ರತಿಧ್ವನಿಯನ್ನೂ ತಡೆಯಲಾರವು. ಅದಕ್ಕೆ ನೆಲಕ್ಕೊಂದು ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಬೇಕಾಯಿತು. ರಿಸೀವರ್ ಬದಲಾಯಿಸಿ ಸಿಗುವುದಕ್ಕಿಂತ ಹೆಚ್ಚು ಸುಖ ಜಮಖಾನದಿಂದ ಸಿಕ್ಕಿತು, ನಿಜವಾಗಿಯೂ.

ಸಣ್ಣ ಸದ್ದಿನಲ್ಲಿ ಕೇಳುವವರು ಇನ್ನೊಂದನ್ನು ನೋಡಲೇಬೇಕು. ಸದ್ದು ಇಳಿದಷ್ಟೂ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಬೆಳಗ್ಗೆ ಐದೂವರೆಗೆ ತಂಬೂರಿಯ ಮಂದ್ರ ತಂತಿ ಮಾಯವಾಗುವುದು ಇದರಿಂದಲೇ. ಆಡಿಸ್ಸಿಯ ಡೈನಾಮಿಕ್ ಇಕ್ಯೂ, ಯಮಹಾದ ವೈಪಿಎಒ ವಾಲ್ಯೂಮ್, ಇವೆರಡೂ ಸದ್ದು ಇಳಿದಂತೆ ಬೇಸ್ ಏರಿಸಿ ಸರಿದೂಗಿಸುತ್ತವೆ. ಆದರೆ ಡೈನಾಮಿಕ್ ಇಕ್ಯೂ ಸಿನಿಮಾದ ಲೆಕ್ಕಕ್ಕೆ ಮಾಡಿದ್ದು. ಸಂಗೀತಕ್ಕೆ ಹಾಗೇ ಬಿಟ್ಟರೆ ಬೇಸ್ ಅತಿಯಾಗುತ್ತದೆ. ಈ ಏರಿಕೆಯನ್ನು ತಗ್ಗಿಸಲು ಅದರಲ್ಲಿ ರೆಫರೆನ್ಸ್ ಲೆವೆಲ್ ಆಫ್‌ಸೆಟ್ ಅಂತ 0, 5, 10, 15 ಡೆಸಿಬಲ್‌ಗಳ ಆಯ್ಕೆ ಇದೆ. ಸಿನಿಮಾಕ್ಕೆ 0. ನಮ್ಮ ಸಂಗೀತಕ್ಕೆ ನನಗೆ ಹಿಡಿಸಿದ್ದು 10. ತಂಬೂರಿ ಪೂರ್ತಿ ಕೇಳುತ್ತದೆ, ಮೃದಂಗ ಮೇಲೆ ಬೀಳುವುದಿಲ್ಲ.

ಖರೀದಿ, ಬಳಕೆಯ ಬಗ್ಗೆ ಕೆಲವು ಎಚ್ಚರಿಕೆ. ಅಮೆರಿಕದಲ್ಲಿರುವ ನೆಂಟರು ತಂದುಕೊಡುತ್ತೇನೆ ಅಂದರೆ ನಯವಾಗಿ ಬೇಡ ಅನ್ನಿ. ಅಲ್ಲಿಯ ಮಾಡೆಲ್ 120 ವೋಲ್ಟ್‌ನದು, ನಮ್ಮ 230ಕ್ಕೆ ನೇರ ಹಾಕಿದರೆ ಸುಟ್ಟುಹೋಗುತ್ತದೆ. ವಾರಂಟಿಯೂ ಇಲ್ಲಿ ನಡೆಯುವುದಿಲ್ಲ. ಇನ್ನೊಂದು, ಶೋಕೇಸ್‌ನ ಮುಚ್ಚಿದ ಗೂಡಿನಲ್ಲಿ ರಿಸೀವರ್ ಇಡಬೇಡಿ. ಮೇಲೆ ಗಾಳಿಗೆ ಜಾಗ ಬೇಕು, ಒಳಗೆ ಚೆನ್ನಾಗಿಯೇ ಬಿಸಿಯಾಗುತ್ತದೆ. ಕರೆಂಟ್ ಹೋದಾಗಲೂ ಓಡಬೇಕು ಅಂದರೆ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಬೇಕು. ಸ್ಕ್ವೇರ್ ವೇವ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಝುಂಯ್ ಅನ್ನುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾಗುವ ಮೊದಲೇ ಪ್ಲಗ್ ಕೀಳಿ. ಅದರ ಜೊತೆ ಡಿಶ್‌ನ ಕೇಬಲ್, ಇಂಟರ್ನೆಟ್‌ನ ಕೇಬಲ್ ಎರಡನ್ನೂ ಬಿಚ್ಚಿ. ಸಿಡಿಲು ಆ ದಾರಿಯಲ್ಲೂ ಒಳಗೆ ಬರುತ್ತದೆ.

ಕೊನೆಗೆ ಮನೆಮಂದಿಗೆಲ್ಲ ಒಪ್ಪಿಗೆಯಾಗಿದ್ದು ಒಂದು ಸಣ್ಣ ಸೌಲಭ್ಯದಿಂದ. ಡೆನಾನ್ ರಿಮೋಟ್‌ನಲ್ಲಿ ಕ್ವಿಕ್ ಸೆಲೆಕ್ಟ್ ಅಂತ ನಾಲ್ಕು ಬಟನ್ ಇವೆ. ಯಮಹಾದಲ್ಲಿ ಇದನ್ನೇ ಸೀನ್ ಅನ್ನುತ್ತಾರೆ. 1ರಲ್ಲಿ ಅಪ್ಪನ ಸಂಗೀತ: ಸ್ಟೀರಿಯೊ ಮೋಡ್, ಆಫ್‌ಸೆಟ್ 10, ಬೆಳಗಿನ ಸಣ್ಣ ವಾಲ್ಯೂಮ್. 2ರಲ್ಲಿ ಸಿನಿಮಾ: ಎಲ್ಲ ಸ್ಪೀಕರ್, ಆಫ್‌ಸೆಟ್ 0. 3ರಲ್ಲಿ ಟಿವಿ, ಕ್ರಿಕೆಟ್. 'ಅಜ್ಜ, ನಿಮ್ದು ಒಂದನೇದು, ಎರಡನೇದು ನಂದು' ಅಂತ ಮಗಳು ರಿಮೋಟ್‌ಗೆ ಚೀಟಿ ಅಂಟಿಸಿಕೊಟ್ಟಿದ್ದಾಳೆ. ನಾಲ್ಕನೆಯ ಬಟನ್ ಹಬ್ಬದ ದಿನಕ್ಕೆ. ಎಲ್ಲ ಸ್ಪೀಕರ್‌ನಲ್ಲೂ ಒಂದೇ ನಾದಸ್ವರ, ಅಡುಗೆಮನೆಯವರೆಗೂ ಕೇಳುವ ಹಾಗೆ.